ಆನೆಯೋ, ಸುಲೋಚನಮ್ಮನೋ?

ನವೆಂಬರ್ 11, ಸೋಮವಾರ. ಬೆಳಿಗ್ಗೆ

—ಅಷ್ಟಕ್ಕೂ ಕಿವುಡು ಬೇರೆ, ಕೇಳಿಸದಿರುವುದು ಬೇರೆ. ನಿನ್ನೆ ಕಲ್ಲೇಶನಿಗೆ ಇದನ್ನೇ ವಿವರಿಸಲು ಹೋದೆ. ಅವನಿಗೆ ಕೇಳಿಸಲಿಲ್ಲ. ಹಾಗಾದರೆ ಯಾರು ಕಿವುಡರು?

ಹಾಲು ಒಲೆಯ ಮೇಲಿಟ್ಟು ಬಂದಿದ್ದೇನೆ. ಉಕ್ಕಿದರೆ ಉಕ್ಕಲಿ. ಇದನ್ನು ಬರೆದೇ ಏಳುವುದು.

ನಡೆದದ್ದು ಇಷ್ಟು. ಶನಿವಾರ, ಇನ್ನೂ ಬಿಸಿಲಿರುವಾಗಲೇ ಗುಡ್ಡದಿಂದ ಆನೆ ಇಳಿಯಿತು. ಕಾಡಿನಂಚಿನ ಕೊನೆಯ ಮನೆ ಸುಲೋಚನಮ್ಮನವರದು, ಮೊದಲು ಕಾಣುವುದು ಅವರಿಗೆ. ಕಂಡ ತಕ್ಷಣ ಅವರು ನನಗೆ ಫೋನ್ ಮಾಡಬೇಕು. ನಾನು ಅಂಗಳಕ್ಕೆ ಬಂದು ಜಾಗಟೆ ಬಾರಿಸಬೇಕು. ಗದ್ದೆಯಲ್ಲಿದ್ದವರು ಮನೆ ಸೇರಬೇಕು. ಇದು ನಮ್ಮ ಹೊನ್ನೆಬೈಲಿನ ಏರ್ಪಾಟು. ಎನ್.ಆರ್. ಪುರದಲ್ಲಿ ಎಷ್ಟು ಟವರ್ ಇದ್ದರೇನು, ಈ ಕಣಿವೆಗೆ ಸಿಗ್ನಲ್ ಇಳಿಯುವುದಿಲ್ಲ. ಕಂಬದ ತಂತಿಯ ಫೋನ್ ಜೀವಂತ ಉಳಿದಿರುವುದು ಎರಡೇ ಮನೆಯಲ್ಲಿ, ಅವರದು ಮತ್ತು ನನ್ನದು. ಅದಕ್ಕೇ ನನ್ನ ಫೋನಿಗೆ ಊರವರು ಇಟ್ಟ ಹೆಸರು ಆನೆ ಫೋನು.

ಶನಿವಾರ ಅವರು ಮಾಡಿದರಂತೆ. ಮಾಡುತ್ತಲೇ ಇದ್ದರಂತೆ. ನಾನು ಅದೇ ಕೋಣೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಗದ್ದೆ ಅಂಚಿನಲ್ಲಿ ಬರುತ್ತಿದ್ದ ಭೈರಪ್ಪ ಆನೆಗೆ ಎದುರಾಗಿ, ಹಳ್ಳಕ್ಕೆ ಹಾರಿ, ಕತ್ತಲಾಗುವವರೆಗೂ ಕೆಸರಿನಲ್ಲಿ ಎಮ್ಮೆಯಂತೆ ಮಲಗಿದ್ದನಂತೆ. ಜೀವ ಉಳಿಯಿತು. ಕಲ್ಲೇಶನ ಬತ್ತ ಅರ್ಧ ನೆಲಕ್ಕೆ.

ಕಲ್ಲೇಶ ನನ್ನ ತಮ್ಮನ ಮಗ. ಆನೆ ಕಾವಲು ಸಮಿತಿಗೆ ಅವನೇ ಅಧ್ಯಕ್ಷ. ನಿನ್ನೆ ಬಂದು ನಿಂತೇ ಮಾತಾಡಿದ.

"ದೊಡ್ಡಪ್ಪ, ಲೈನನ್ನ ನಮ್ಮನೆಗೆ ಎಳಸಿಬಿಡಾಣ. ನಿಮಗೂ ವಯಸ್ಸಾತು."

"ವಯಸ್ಸಾಗಿದ್ದು ನನಗೆ. ಫೋನಿಗಲ್ಲ."

"ಅದು ಬಡ್ಕಣ್ತಾ ಇತ್ತು ಮಾರಾಯ್ರೆ! ನೀವು ಅವರೆಕಾಯಿ ಸುಲೀತಾ ಕೂತಿದ್ರಿ!"

ಸಣ್ಣ ಕೀಚಲು ಸದ್ದು ನನ್ನ ಕಿವಿಗೆ ಬೀಳುವುದಿಲ್ಲ. ಅಷ್ಟೇ. ರಿಸೀವರ್ ಎಡಗಿವಿಗೆ ಒತ್ತಿ ಹಿಡಿದರೆ ಎದುರಿನವರು ಉಸಿರು ಬಿಟ್ಟದ್ದೂ ಕೇಳುತ್ತದೆ. ಕಾರ್ತೀಕ ಮುಗಿಯುವ ಅಮಾವಾಸ್ಯೆಗೆ ಸಮಿತಿಯ ಸಭೆಯಂತೆ. ಅಲ್ಲಿ ಲೈನ್ ಕೀಳುವ ತೀರ್ಮಾನವಂತೆ. ಕೀಳಲಿ ನೋಡೋಣ.

ರಾತ್ರಿ ಯೋಚನೆ ಮಾಡಿ ಇಟ್ಟಿದ್ದೇನೆ. ಫೋನ್ ಬಂದರೆ ತಾನಾಗಿಯೇ ದೀಪ ಹತ್ತಬೇಕು, ತಾನಾಗಿಯೇ ಹಾರ್ನ್ ಕೂಗಬೇಕು. ನನ್ನ ಕಿವಿಯ ಅಪ್ಪಣೆ ಕೇಳದೆ. ಒಂದು ಸರ್ಕೀಟ್. ಸಿಂಪಲ್. ಓಮನ ನಿಯಮ. ಕರೆಂಟ್ ಈಸ್ ಡೈರೆಕ್ಟ್ಲಿ ಪ್ರಪೋರ್ಷನಲ್ ಟು… ನಡುವಿನದು ಮರೆತಿದೆ. ಕೊನೆ, ಬಿಸಿ ಏರುಪೇರಾಗದಿದ್ದರೆ ಎನ್ನುವುದು, ನೆನಪಿದೆ: ಪ್ರೊವೈಡೆಡ್ ದಿ ಟೆಂಪರೇಚರ್ ರಿಮೇನ್ಸ್ ಕಾನ್‌ಸ್ಟಂಟ್. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವಾಗ ನಾನು ಡುಮ್ಕಿ ಹೊಡೆದದ್ದು ಇಂಗ್ಲಿಷಿನಲ್ಲಿ. ಫಿಸಿಕ್ಸಿನಲ್ಲಿ ಅಲ್ಲ. ಇದನ್ನು ಜನ ಬೇಕೆಂದೇ ಮರೆಯುತ್ತಾರೆ.

ಹಾಲು ಉಕ್ಕಿತು.

ನವೆಂಬರ್ 13, ಬುಧವಾರ

ಕೊಪ್ಪಕ್ಕೆ ಹೋಗಿ ಬಂದೆ. ಬಸ್ ಸ್ಟ್ಯಾಂಡಿನ ಹಿಂದೆ ಗಂಗಾಧರನ ಟಿ.ವಿ. ರಿಪೇರಿ ಅಂಗಡಿ. ಒಂದು ರಿಲೇ, ಒಂದು ಕಂಡೆನ್ಸರ್, ನಾಲ್ಕು ಡಯೋಡ್, ಇನ್ನೊಂದಷ್ಟು ಚಿಲ್ಲರೆ ಸಾಮಾನು ಕೇಳಿದೆ. ಅವನು ಕನ್ನಡಕ ಹಣೆಗೇರಿಸಿ ನನ್ನನ್ನೇ ರಿಪೇರಿಗೆ ಬಂದ ವಸ್ತುವಿನಂತೆ ನೋಡಿದ.

"ಎಂತಕ್ಕೆ ಯಜಮಾನ್ರೆ ಇದೆಲ್ಲ?"

ಹೇಳಿದೆ.

"ಕಿವಿ ಮೆಷಿನ್ ತಗಳಿ. ಸುಲಭ."

"ಮೆಷಿನ್ ಹಾಕಿಕೊಂಡರೆ ನನಗೊಬ್ಬನಿಗೆ ಕೇಳುತ್ತೆ. ಹಾರ್ನ್ ಹಾಕಿದರೆ ಊರಿಗೇ ಕೇಳುತ್ತೆ. ಯಾವುದು ಲಾಭ?"

ಅವನು ತಲೆ ಕೆರೆದುಕೊಂಡು ಹಳೆಯ ಡಬ್ಬ ಸುರಿದ. ಒಳ್ಳೆಯ ಮನುಷ್ಯ. ಸುರಿದದ್ದರಲ್ಲಿ ಹುಡುಕಿ ಕೊಟ್ಟ, ಬೈಯುತ್ತಲೇ ಕೊಟ್ಟ. ಹಾರ್ನ್ ಸಿಕ್ಕಿದ್ದು ಪಕ್ಕದ ಗ್ಯಾರೇಜಿನಲ್ಲಿ. ಯಾವುದೋ ಬಸ್ಸಿನದು. ಬಸ್ ಸತ್ತಿದೆ, ಸ್ವರ ಉಳಿದಿದೆ. ಮೇಜಿನ ಮೇಲಿಟ್ಟು ಬ್ಯಾಟರಿ ಮುಟ್ಟಿಸಿ ನೋಡಿದೆವು. ಎರಡು ನಾಯಿ ಎದ್ದು ಓಡಿದವು. ನನಗೂ ಕೇಳಿತು! ದಪ್ಪ ಸದ್ದು ಬಲ್ಲದು ನನ್ನ ಕಿವಿ. ಅದಕ್ಕೂ ಮರ್ಯಾದೆ ಇದೆ.

ನವೆಂಬರ್ 15, ಶುಕ್ರವಾರ. ಸಂಜೆ

ದವಡೆ ಇನ್ನೂ ಜುಮುಗುಡುತ್ತಿದೆ.

ಫೋನ್ ಲೈನಿನ ತಂತಿಯ ಸಿಪ್ಪೆ ಬಿಡಿಸುತ್ತಿದ್ದೆ. ಕತ್ತರಿ ಸಿಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ಫೋನ್ ಸುಮ್ಮನಿರುವಾಗ ಆ ತಂತಿಯಲ್ಲಿ ಇರುವುದು ಸಾಧು ಡಿ.ಸಿ. ಯಾರಾದರೂ ಫೋನ್ ಮಾಡಿದಾಗ, ಗಂಟೆ ಬಡಿಯಲಿಕ್ಕೆಂದು, ಎ.ಸಿ. ಬರುತ್ತದೆ, ಅದು ಸಾಧುವಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಚ್ಚಿದೆ. ಅದೇ ಹೊತ್ತಿಗೆ ಸುಲೋಚನಮ್ಮ ಫೋನ್ ಮಾಡಿದರು.

ಕಿವಿಗೆ ಕೇಳದ್ದು ಹಲ್ಲಿಗೆ ಕೇಳಿತು. ಬಾಯಿಂದ ಹೊರಟದ್ದು ಬರೆಯುವ ಮಾತಲ್ಲ.

ರಿಸೀವರ್ ಎತ್ತಿ ವಿಷಯ ಹೇಳಿದೆ. ಅವರು ನಕ್ಕರು. ನಿಲ್ಲಿಸಲೇ ಇಲ್ಲ. "ಅಯ್ಯೋ ದೇವ್ರೆ, ರೇಣುಕಪ್ಪೋರೆ, ಶಾಕ್ ಹೊಡೆಸೋ ಅಷ್ಟು ನಾನು ಎಂತ ಮಾಡಿದ್ನಿ? ಬಾಗ್ಲು ಹಾಕ್ಕಂಡೆ ಅಂತ ಹೇಳಕ್ಕೆ ಮಾಡಿದ್ದು."

ಇದು ಅವರ ಪದ್ಧತಿ. ದೀಪ ಹಚ್ಚಿ, ಬಾಗಿಲು ಹಾಕಿ, ನನಗೆ ಒಂದು ಫೋನು. ನನ್ನ ಹೆಂಡತಿ ನೀಲಾಂಬಿಕೆ ತೀರಿಕೊಂಡಾಗಿನಿಂದ, ಮೂರು ವರ್ಷವಾಯಿತು. ಮೊದಲು ಅವಳಿಗೆ ಮಾಡುತ್ತಿದ್ದರು, ಸಾರಿನ ವಿಷಯ, ಸೀರೆಯ ವಿಷಯ. ಅವಳು ಹೋದ ಮೇಲೂ ನಿಲ್ಲಿಸಲಿಲ್ಲ. ಬೆಳಕು ಕಡಿಮೆಯಾಗುವ ಹೊತ್ತಿಗೆ ನಾನು ಫೋನಿನ ಪಕ್ಕ ಬಂದು ಅದರ ಬೆನ್ನ ಮೇಲೆ ಕೈಯಿಟ್ಟು ಕೂರುತ್ತೇನೆ. ಬಂದರೆ ಅಂಗೈಗೆ ನಡುಕ ಗೊತ್ತಾಗುತ್ತದೆ. ಹಾಗಾಗಿ ಅವರ ಸಂಜೆಯ ಫೋನ್ ಒಂದೂ ತಪ್ಪಿಲ್ಲ. ಶನಿವಾರ ಆನೆ ಹೊತ್ತಿಗೆ ಮುಂಚೆ ಬಂದರೆ ಅದು ಆನೆಯ ತಪ್ಪು.

ನವೆಂಬರ್ 18, ಸೋಮವಾರ

ಸಕ್ಸಸ್! ಫೋನ್ ಬಂತು, ಅಡುಗೆಮನೆಯಲ್ಲಿ ಕೆಂಪು ದೀಪ ಹತ್ತಿತು, ರಿಲೇ ಟಕ್ಕೆಂದಿತು, ಮಾಡಿನ ತುದಿಯ ಹಾರ್ನ್ ಮೊಳಗಿತು. ರಿಲೇ ಎಂದರೆ ಮತ್ತೇನಲ್ಲ, ಬೆರಳಿನ ಬದಲು ಕರೆಂಟೇ ಒತ್ತುವ ಸ್ವಿಚ್ಚು. ಕಂಡೆನ್ಸರ್ ಬಾಗಿಲು ಕಾಯುವವನು: ಡಿ.ಸಿ.ಯನ್ನು ಹೊರಗೇ ನಿಲ್ಲಿಸಿ, ಗಂಟೆಯ ಎ.ಸಿ.ಯನ್ನು ಮಾತ್ರ ಒಳಗೆ ಬಿಡುತ್ತದೆ. ನೀಲಾಂಬಿಕೆ ಇದ್ದಿದ್ದರೆ, "ನಿಮಗೆ ಕೇಳೋದು ನಿಮ್ಮ ಮಾತು ಮಾತ್ರ" ಎನ್ನುತ್ತಿದ್ದಳು. ಈಗ ಹಾಗೆನ್ನುವಂತಿಲ್ಲ.

ಆದರೆ ಒಂದು ಎಡವಟ್ಟು.

ಹಾರ್ನ್ ಬಸ್ಸಿನದು. ಸ್ವರವೂ ಬಸ್ಸಿನದೇ. ಕೆಳಗಿನ ರಸ್ತೆಗೆ ಹೆಂಗಸರು ಚೀಲ ಹಿಡಿದು ಬಂದು ನಿಂತರು. ಭೈರಪ್ಪ ಒಗೆದ ಅಂಗಿ ಹಾಕಿಕೊಂಡು, ಕ್ರಾಪು ಬಾಚಿ, ಕೊಪ್ಪಕ್ಕೆ ಹೊರಟು ಬಂದಿದ್ದ. ಆನೆ ಬಂತೆಂದು ಕೂಗಿದರೆ ಈ ಜನ ಆನೆಗೆ ಟಿಕೆಟ್ ಕೇಳುತ್ತಾರೆ!

"ಎಂತ ಮಾರಾಯ ಇದು," ಎಂದ ಭೈರಪ್ಪ. "ಮೊದ್ಲು ಕೆಸರಲ್ಲಿ ಮಲಗ್ಸಿದೆ. ಈಗ ಇಲ್ದಿರೋ ಬಸ್ಸಿಗೆ ನಿಲ್ಲುಸ್ತೀಯ."

"ಇನ್ನು ಮೇಲೆ ಉದ್ದ ಹಾರ್ನ್ ಕೇಳಿದರೆ ಮನೆಯೊಳಗೆ ಹೋಗು. ರಸ್ತೆಗಲ್ಲ."

"ಹಂಗಾರೆ ನಿಜವಾದ ಬಸ್ ಬಂದಾಗ?"

ಇದಕ್ಕೆ ಫಿಸಿಕ್ಸಿನಲ್ಲಿ ಉತ್ತರವಿಲ್ಲ. ಬಸ್ಸಿನ ಹೊತ್ತು ಎಲ್ಲರಿಗೂ ಗೊತ್ತಲ್ಲ, ಆ ಹೊತ್ತು ಬಿಟ್ಟು ಉಳಿದದ್ದು ಆನೆ — ಎಂದೆ. ಮನೆಮನೆಗೆ ಹೋಗಿಯೂ ಹೇಳಿ ಬಂದೆ. ಕಾಲು ನೋವು.

ನವೆಂಬರ್ 21, ಗುರುವಾರ

ಹಾರ್ನಿಗೆ ಬಾಯಿ ಇದೆ, ವಿವೇಕ ಇಲ್ಲ.

ಮಂಗಳವಾರ ಮಧ್ಯಾಹ್ನ ಕಡೂರಿನಿಂದ ಮಗಳು ದೀಕ್ಷಾ ಫೋನ್ ಮಾಡಿದಳು. ಹಾರ್ನ್. ಕೊಯ್ಲಿನವರು ಕತ್ತಿ ಬಿಸಾಕಿ ಓಡಿದರು. ಅವಳು ಕೇಳಿದ್ದು: "ಅಪ್ಪಾಜಿ, ಊಟ ಆಯ್ತಾ?"

ಸಂಜೆ ಸುಲೋಚನಮ್ಮ. ಹಾರ್ನ್. ನಿನ್ನೆ ಸಂಜೆ ಸುಲೋಚನಮ್ಮ. ಹಾರ್ನ್. ನಾನು ಎಷ್ಟು ಬೇಗ ರಿಸೀವರ್ ಎತ್ತಿದರೂ ಮೊದಲ ರಿಂಗಿಗೇ ಒಮ್ಮೆ ಭೋಂ ಎಂದಿರುತ್ತದೆ. ಇಷ್ಟು ವರ್ಷ ನನ್ನ ಅಂಗೈಗೆ ಮಾತ್ರ ಗೊತ್ತಿದ್ದದ್ದು ಈಗ ಇಡೀ ಬೈಲಿಗೆ ಗೊತ್ತು. ಇವತ್ತು ಹಾಲಿನ ಡೈರಿಯ ಹತ್ತಿರ ಭೈರಪ್ಪ ಎಲ್ಲರೆದುರು ಕೇಳಿದ:

"ನಿನ್ನೆ ಸಂಜೆ ಇಳಿದಿದ್ದು ಯಾರು ಮಾರಾಯ? ಆನೆಯೋ, ಸುಲೋಚನಮ್ಮನೋ?"

ಕ್ಯಾನ್ ಹಿಡಿದವರೆಲ್ಲ ನಕ್ಕರು. ನಾನೂ ನಗಬಹುದಿತ್ತು. ನಗಲಿಲ್ಲ. "ಸುಲೋಚನಮ್ಮ," ಎಂದೆ. "ನಾಳೆಯೂ ಅವರೇ. ನಾಡಿದ್ದೂ." ಟೆಂಪರೇಚರ್ ಕಾನ್‌ಸ್ಟಂಟ್ ಉಳಿಯಲಿಲ್ಲ.

ನವೆಂಬರ್ 22, ಶುಕ್ರವಾರ

ಕಲ್ಲೇಶ ಬಂದಿದ್ದ. ಈ ಸಲ ಕೂತ. ಕೂತರೆ ಕೆಟ್ಟ ಸುದ್ದಿ.

"ದೊಡ್ಡಪ್ಪ, ಆನೆ ಫೋನಲ್ಲಿ ಹರಟೆ ಬ್ಯಾಡ. ದಿನಾ ಸುಳ್ಳು ಹಾರ್ನ್ ಕೇಳಿ ಕೇಳಿ, ನಿಜವಾಗ್ಲೂ ಆನೆ ಬಂದ ದಿವ್ಸ ಜನ ಗದ್ದೆ ಬಿಟ್ಟು ಏಳೋದೇ ಇಲ್ಲ."

ಇದು ಸರಿ. ಸರಿಯೆಂದು ಅವನೆದುರು ಹೇಳಲಿಲ್ಲ.

"ಅಲ್ದೆ," ಎಂದು ದನಿ ತಗ್ಗಿಸಿದ. ನನ್ನ ಹತ್ತಿರ ದನಿ ತಗ್ಗಿಸಿದರೆ ಏನು ಪ್ರಯೋಜನ? ಇನ್ನೊಮ್ಮೆ ಹೇಳು ಎಂದೆ. ಕೂಗಿ ಹೇಳಬೇಕಾಯಿತು ಅವನು: "ಅವ್ರು ಬೇರೆ ಜಾತಿ, ನಾವು ಬೇರೆ! ಈ ವಯಸ್ಸಲ್ಲಿ ಜನ ಎಂತ ಅಂತಾರೆ!" ಪಕ್ಕದ ಮನೆಯ ನಾಯಿ ಬೊಗಳಿತು.

"ಜನ ಅಂದರೆ ಯಾರು? ನೀನು ಎಂತ ಅಂತಿ, ಅದನ್ನ ಹೇಳು."

ಎದ್ದು ಹೋದ. ಗುಡ್ಡ ಹತ್ತಿ ಅವರಿಗೂ ಹೇಳಿ ಹೋಗಿರಬೇಕು — ಆನೆ ಕಂಡರೆ ಮಾತ್ರ ಫೋನ್ ಮಾಡಿ ಎಂದು. ಹೇಗೆ ಗೊತ್ತು ಎಂದರೆ, ಇವತ್ತು ಸಂಜೆ ದೀಪ ಹತ್ತಲಿಲ್ಲ.

ನವೆಂಬರ್ 24

ಹತ್ತಲಿಲ್ಲ.

ನವೆಂಬರ್ 26

ತಂತಿ ಎಲ್ಲಿಯಾದರೂ ಬಿಟ್ಟಿದೆಯೇ ನೋಡಿದೆ. ಬಿಟ್ಟಿಲ್ಲ. ಸರ್ಕೀಟ್ ಸರಿಯಿದೆ. ಎಲ್ಲ ಸರಿಯಿದೆ. ಕೈಯಿಟ್ಟು ಕೂತೆ. ಫೋನ್ ತಣ್ಣಗಿತ್ತು.

ನವೆಂಬರ್ 27, ಬುಧವಾರ

ಬೆಳಿಗ್ಗೆ ಕೋಲು ಹಿಡಿದು ಗುಡ್ಡ ಹತ್ತಿದೆ. ಹಾಡಹಗಲು, ಎಲ್ಲರ ಗದ್ದೆಯ ಎದುರಿನಿಂದಲೇ. ಹಿಂದಿನ ದಾರಿ ಇತ್ತು. ಅದರಲ್ಲಿ ಹೋಗಲಿಲ್ಲ.

ಸುಲೋಚನಮ್ಮ ಅಂಗಳದಲ್ಲಿ ಬತ್ತ ಹರವುತ್ತಿದ್ದರು. ತಲೆಗೆ ವಸ್ತ್ರ ಕಟ್ಟಿಕೊಂಡು, ಕಾಲಿನಲ್ಲಿ ಗೆರೆ ಎಳೆಯುತ್ತ. ನನ್ನನ್ನು ನೋಡಿಯೂ ಸಾಲು ಮುಗಿಸಿಯೇ ನಿಂತರು.

"ಫೋನ್ ಯಾಕೆ ಮಾಡುವುದಿಲ್ಲ?" ಎಂದೆ.

"ಎಂತಕ್ಕೆ ಮಾಡ್ಲಿ? ಬಾಗ್ಲು ಹಾಕ್ಕಂಡೆ ಅನ್ನಕ್ಕೆ ಊರಿಗೆಲ್ಲ ಹಾರ್ನ್ ಹೊಡೆಸ್ಲಾ? ನಾಳಿಂದ ಹಲ್ಲುಜ್ಜಿದ್ರೂ ಡಂಗುರ ಸಾರ್ತೀರ ನೀವು."

"ಕಲ್ಲೇಶ ಹೇಳಿದ್ದಕ್ಕೆ ಹೆದರಿದಿರಾ?"

"ಅವ್ನು ಹುಟ್ಟಿದಾಗ ಬಿಸ್ನೀರು ಕಾಯ್ಸಿ ಕೊಟ್ಟೋಳು ನಾನು. ಅವ್ನಿಗೆ ಹೆದರ್ತೀನಾ?" ಹರವುವುದನ್ನು ಮತ್ತೆ ಶುರು ಮಾಡಿದರು. ಆಮೇಲೆ, ತಿರುಗದೆಯೇ: "ಒಂದು ಕೇಳ್ತೀನಿ ರೇಣುಕಪ್ಪೋರೆ. ಮೂರು ವರ್ಷದಿಂದ ದಿನಾ ನಾನೇ ಮಾಡೋದು. ನಿಮ್ಮ ಫೋನಿಂದ ಹೊರಗೆ ಹೋಗಕ್ಕೆ ದಾರಿ ಇಲ್ವಾ?"

ಕೋಲನ್ನು ಜಗುಲಿಗೆ ಒರಗಿಸಿ ಕೂತೆ.

ಬೆಲ್ಲದ ಕಾಫಿ ಕೊಟ್ಟರು. ಮಾತಿಗೆ ಮಾತು ಬಂದು ಅವರ ಅಳಿಯನ ಕಡೆ ಹೋಯಿತು. ಶೃಂಗೇರಿಯ ಮೊಬೈಲ್ ಅಂಗಡಿಯಲ್ಲಿರುವವನು, ಫೋನ್ ಎತ್ತಿ ಮಾತಾಡಿದ್ದೇ ಇಲ್ಲವಂತೆ. "ಬರೇ ಮಿಸ್ ಕಾಲ್. ಒಂದು ರಿಂಗ್ ಕೊಟ್ಟು ಕಟ್ ಮಾಡ್ತಾನೆ. ನಾನೇ ತಿರುಗಿ ಮಾಡ್ಬೇಕು. ಜುಗ್ಗ!"

ಲೋಟ ಕೆಳಗಿಟ್ಟೆ.

ಒಂದು ರಿಂಗ್. ಕಟ್. ತಿರುಗಿ ಮಾಡುವುದು. ನಾನು ನನ್ನ ಮನೆಯಿಂದ ಮಾಡಿದರೆ ರಿಂಗಾಗುವುದು ಅವರ ಮನೆಯಲ್ಲಿ, ನನ್ನ ಹಾರ್ನಿಗೆ ಸುಳಿವೇ ಇಲ್ಲ! ಇನ್ನು ನನ್ನ ಸರ್ಕೀಟ್ ಒಂದು ರಿಂಗಿಗೆ ಬಾಯಿ ಬಿಡಬಾರದು, ಮೂರಕ್ಕೆ ಬಿಡಬೇಕು.

"ಸುಲೋಚನಮ್ಮ, ನಿಮ್ಮ ಅಳಿಯ ಜುಗ್ಗ ಅಲ್ಲ. ಸೈಂಟಿಸ್ಟ್," ಎಂದೆ.

"ಎರಡೂ ಒಂದೇ ಇರ್ಬೇಕು," ಎಂದರು.

ನವೆಂಬರ್ 29, ಶುಕ್ರವಾರ

ಲಿಂಗದ ಮೇಲೆ ನೀರಿನ ಪಾತ್ರೆ ತೂಗುಹಾಕಿರುತ್ತಾರಲ್ಲ, ಹನಿ ಹನಿ ಬೀಳುವುದು — ಅದನ್ನು ತಿರುಗಿಸಿ ಯೋಚಿಸಿದೆ. ಕೆಳಗೆ ಒಂದು ಗಿಂಡಿ. ಒಂದು ರಿಂಗಿಗೆ ಒಂದು ಹನಿ ಕರೆಂಟು. ಗಿಂಡಿ ತುಂಬಿ ಚೆಲ್ಲಿದರೆ ಮಾತ್ರ ರಿಲೇ ಒತ್ತಬೇಕು. ರಿಂಗು ನಡುವೆ ನಿಂತರೆ ಸೋರಿ ಖಾಲಿಯಾಗಬೇಕು. ಗಿಂಡಿ ಎಂದರೆ ಇನ್ನೊಂದು ಕಂಡೆನ್ಸರ್, ದೊಡ್ಡದು. ನೀಲಾಂಬಿಕೆಯ ಹಳೆಯ ರೇಡಿಯೋದೊಳಗೆ ಇತ್ತು. ರೇಡಿಯೋ ಹಾಡಿ ಎಷ್ಟೋ ಕಾಲವಾಗಿತ್ತು. ಬಿಚ್ಚುವಾಗ ಕೈ ಸ್ವಲ್ಪ ನಿಂತಿತು. ಆಮೇಲೆ ಬಿಚ್ಚಿದೆ. ಅವಳಿಗೂ ಸುಲೋಚನಮ್ಮನ ಫೋನ್ ಇಷ್ಟವಿತ್ತು.

ಮೊದಲ ಸಲ ಎರಡಕ್ಕೇ ಚೆಲ್ಲಿತು. ಆಮೇಲೆ ಎಷ್ಟು ರಿಂಗಾದರೂ ಚೆಲ್ಲಲಿಲ್ಲ. ದೀಕ್ಷಾಳಿಗೆ ಹೇಳಿ ಕಡೂರಿನಿಂದ ಮತ್ತೆ ಮತ್ತೆ ಮಾಡಿಸಿದೆ. "ಅಪ್ಪಾಜಿ, ನನ್ನ ಅತ್ತೆ ಎಂತ ತಿಳ್ಕಳಲ್ಲ?" ಎಂದಳು. ಮಾಡು ಎಂದೆ. ಕತ್ತಲಾಗುವ ಹೊತ್ತಿಗೆ ಕೂತಿತು: ಮೊದಲ ರಿಂಗಿಗೆ ಕೆಂಪು ದೀಪ ಮಾತ್ರ. ಮೂರನೆಯದಕ್ಕೆ ಹಾರ್ನ್. ಅವಳಿಗೂ ನಿಯಮ ಹೇಳಿದೆ: ಇನ್ನು ನೀನೂ ಒಂದೇ ರಿಂಗು. ತಿರುಗಿ ಮಾಡುವುದು ನಾನು.

ಡಿಸೆಂಬರ್ 1, ಭಾನುವಾರ. ಅಮಾವಾಸ್ಯೆ

ಶಾಲೆಯ ಜಗುಲಿಯಲ್ಲಿ ಸಭೆ. ಎಲ್ಲರೂ ಬಂದಿದ್ದರು. ಸುಲೋಚನಮ್ಮನೂ ಇಳಿದು ಬಂದಿದ್ದರು. ಒಬ್ಬರೇ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹೋಗಿ ಅದೇ ಕಂಬದ ಈ ಕಡೆ ಕೂತೆ. ನೋಡುವವರು ನೋಡಲಿ.

ಕಲ್ಲೇಶ ಲೈನ್ ಬದಲಿಸುವ ಮಾತೆತ್ತಿದ. ನಾನು ಎದ್ದು ನಿಂತೆ.

"ಮೂರು ರಿಂಗ್ ಆದರೆ ಹಾರ್ನ್. ಅದು ಊರಿಗೆ. ಒಂದು ರಿಂಗ್ ಆದರೆ ಕೆಂಪು ದೀಪ. ಅದು ನನಗೆ. ದೀಪ ಹತ್ತಿಸುವವರು ಯಾರು ಎಂದು ಡೈರಿ ಹತ್ತಿರ ಯಾರೂ ಪಿಸುಗುಟ್ಟಬೇಕಾಗಿಲ್ಲ. ಪಿಸುಗುಟ್ಟಿದರೆ ನನಗೆ ಕೇಳುವುದೂ ಇಲ್ಲ. ಸುಲೋಚನಮ್ಮ ದಿನಾ ಮಾಡುತ್ತಾರೆ. ಮಾಡುತ್ತಲೇ ಇರುತ್ತಾರೆ."

"ಹೌದು, ಮಾಡ್ತೀನಿ," ಎಂದರು ಕಂಬದ ಆ ಕಡೆಯಿಂದ. "ಕಾಡಿನ ಬಾಯಲ್ಲಿ ಒಬ್ಳೇ ಇರೋಳು. ಬಾಗ್ಲು ಹಾಕ್ಕಂಡ್ನೋ ಇಲ್ವೋ ಒಬ್ರಿಗಾದ್ರೂ ಗೊತ್ತಿರ್ಲಿ. ನಿಮ್ಮಲ್ಲಿ ಯಾರು ಇದುವರ್ಗೆ ಕೇಳಿದ್ರಿ?"

ಭೈರಪ್ಪ ಎದ್ದ.

"ಕೆಸರಲ್ಲಿ ಮಲಗಿದ್ದೋನು ನಾನು. ನಂಗೆ ಹಾರ್ನ್ ಬೇಕು. ಯಾರು ಯಾರಿಗೆ ಫೋನ್ ಮಾಡ್ತಾರೆ ಅಂತ ಆನೆ ವಿಚಾರ್ಸಲ್ಲ."

ಕಲ್ಲೇಶ ಸುಲಭಕ್ಕೆ ಬಿಡುವವನಲ್ಲ, ನಮ್ಮದೇ ರಕ್ತ. "ಸೈ. ಇನ್ನೊಂದ್ಸಲ ಆನೆ ಇಳಿಲಿ. ಹಾರ್ನ್ ಕೂಗ್ತೋ, ಲೈನ್ ಅಲ್ಲೇ. ಕೂಗ್ಲಿಲ್ವೋ, ಮರುದಿನವೇ ನಮ್ಮನೆಗೆ. ಆಮೇಲೆ ಮಾತಿಲ್ಲ."

"ಆಮೇಲೆ ಮಾತಿಲ್ಲ," ಎಂದೆ ನಾನೂ. ಮನೆಗೆ ಬಂದು ಬ್ಯಾಟರಿಯ ನೀರು ನೋಡಿದೆ. ಎರಡು ಸಲ.

ಡಿಸೆಂಬರ್ 4, ಬುಧವಾರ. ಸಂಜೆ

ನಿನ್ನೆ ಇಳಿಯಿತು.

ಬಿಸಿಲು ಗುಡ್ಡದ ಮೇಲೆ ಮಾತ್ರ ಉಳಿದಿತ್ತು. ನಾನು ಅಡುಗೆಮನೆಯಲ್ಲಿ ಒಲೆ ಊದುತ್ತಿದ್ದೆ. ದೀಪ ಹತ್ತಿತು. ಬೇಗ ಮಾಡಿದರಲ್ಲ ಎಂದುಕೊಂಡೆ. ಆರಿತು. ಮತ್ತೆ ಹತ್ತಿತು. ನಿಂತಲ್ಲೇ ನಿಂತೆ. ಗಿಂಡಿ ತುಂಬುವುದು ಕಣ್ಣಿಗೆ ಕಂಡಂತಾಯಿತು. ಮೂರನೆಯದು — ಟಕ್ಕ್ — ಆಮೇಲೆ ಹಾರ್ನ್, ಉದ್ದಕ್ಕೆ, ಪಾತ್ರೆಗಳೆಲ್ಲ ನಡುಗುವಂತೆ.

ಜಾಗಟೆ ಹಿಡಿದು ಅಂಗಳಕ್ಕೆ ಓಡಿದೆ. ಕಲ್ಲೇಶನ ಗದ್ದೆಯಲ್ಲಿ ಕೊಯ್ಲಿನ ಹೆಂಗಸರಿದ್ದರು, ಅವನೂ ಇದ್ದ. ಯಾರೂ ರಸ್ತೆಯ ಕಡೆ ಹೋಗಲಿಲ್ಲ. ಕಟ್ಟು ಬಿಟ್ಟು, ಕತ್ತಿ ಹಿಡಿದು, ಸಾಲಾಗಿ ಅಂಚಿನ ಮೇಲೆ ಮನೆಯ ಕಡೆ. ಭೈರಪ್ಪ ಎಲ್ಲರಿಗಿಂತ ಮುಂದೆ. ಕೊನೆಯವಳು ಬಾಗಿಲು ಸೇರಿದ ಮೇಲೆ ಆನೆ ಬಂತು. ಎರಡು. ಒಂದರ ಹಿಂದೆ ಮರಿ. ಖಾಲಿ ಗದ್ದೆಯಲ್ಲಿ ತಮ್ಮಷ್ಟಕ್ಕೆ ನಡೆದು ಹಳ್ಳ ದಾಟಿದವು.

ಒಳಗೆ ಬಂದು ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಿಸೀವರ್ ಕಿವಿಗೆ ಒತ್ತಿ ಒತ್ತಿ ಕಿವಿ ನೋಯಿತು. ಎತ್ತಿದರು. ಏದುಸಿರು. ಅಟ್ಟ ಹತ್ತಿ ಕೂತಿದ್ದರಂತೆ.

"ಆನೆ ಹೋಗ್ಲಿ ಅತ್ಲಾಗೆ. ಮೊದ್ಲು ಇದು ಹೇಳಿ, ಹಾರ್ನ್ ಕೂಗ್ತಾ?"

"ನಿಮಗೆ ಕೇಳಲಿಲ್ಲವಾ?"

"ಕೇಳ್ತು. ನಿಮ್ಮ ಬಾಯಲ್ಲಿ ಕೇಳಾಣ ಅಂತ."

ಇವತ್ತು ಬೆಳಿಗ್ಗೆ ಕಲ್ಲೇಶ ಬಂದ. ಅಂಗಳದಲ್ಲೇ ನಿಂತು ಹಾರ್ನನ್ನು ಬಹಳ ಹೊತ್ತು ನೋಡಿದ. "ಮಳೆಗಾಲಕ್ಕೆ ಮೊದ್ಲು ಇದಕ್ಕೊಂದು ತಗಡು ಹೊಡಿಸ್ಬೇಕು ದೊಡ್ಡಪ್ಪ," ಎಂದ. ಲೈನಿನ ಮಾತು ಆಡಲಿಲ್ಲ. ಹೋಗುವಾಗ ತಿರುಗಿ, ಎಲ್ಲೋ ನೋಡುತ್ತ, "ಅವ್ರು ಬಾಗ್ಲು ಹಾಕ್ಕಂಡ್ರಾ ನಿನ್ನೆ, ಆಮೇಲೆ?" ಎಂದು ಕೇಳಿದ. ಹೂಂ, ಹಾಕಿಕೊಂಡರು ಎಂದೆ. ತಗಡು ನಾನೇ ಹೊಡೆಸಿಕೊಳ್ಳುತ್ತೇನೆ ಎಂದೂ ಹೇಳಿದೆ. ಅಷ್ಟು ಸುಲಭಕ್ಕೆ ನಾನೂ ಬಿಡುವವನಲ್ಲ.

ನಡುವಿನದು ಈಗ ನೆನಪಾಯಿತು. ಪೊಟೆನ್ಷಿಯಲ್ ಡಿಫರೆನ್ಸ್. ಎರಡು ತುದಿಗಳ ನಡುವೆ ಇರುವ ವ್ಯತ್ಯಾಸ. ಅದಿದ್ದರೇ ಕರೆಂಟ್ ಹರಿಯುವುದು. ಜಾತಿ ಬೇರೆ ಎಂದನಲ್ಲ ಕಲ್ಲೇಶ, ಅವನಿಗೆ ಇದನ್ನು ಹೇಳಬೇಕು. ಅವರ ಮನೆ ಗುಡ್ಡದ ಮೇಲೆ, ನನ್ನದು ಗುಡ್ಡದ ಕೆಳಗೆ ಎಂದೂ ಸೇರಿಸಿ

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಒಳಗಿನ ಲೈಟ್ ಹಾಕಿಲ್ಲ, ಹಾಕಿದರೆ ಕೆಂಪು ದೀಪ ಮಂಕಾಗಿ ಕಾಣುತ್ತದೆ.

ಹತ್ತಿತು. ಒಂದು.

ಎರಡನೆಯದು ಇಲ್ಲ. ಇಲ್ಲ. ಸರಿ, ಈಗ ತಿರುಗಿ ನಾನೇ